ಹಂಚಿನ ಮೇಲೆ ಬ್ರೆಡ್ಡು, ಬ್ರೆಡ್ಡಿನ ಮೇಲೆ ಪಲ್ಯ

ಹೊಸೂರು, ಕೃಷ್ಣಗಿರಿ ಕಡೆಯ ಪೇಟೆಗಳಲ್ಲಿ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ಫಲಕವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ಲಿ ಗಾಜಿನ ಕಪಾಟಿನ ಪಕ್ಕ, ಕಾದ ಹಂಚಿನ ಮೇಲೆ ತಯಾರಾಗುವ ಮಸಾಲಾ ಬ್ರೆಡ್ ಟೋಸ್ಟೇ ಈ ಸೀಮೆಯ ಸ್ವಂತ ಸ್ಯಾಂಡ್‌ವಿಚ್ ಎಂಬುದು ನನ್ನ ವಾದ. ಈ ಕಸುಬಿನ ಬೇರು ಹಾಸನದ್ದು. ಅಲ್ಲಿಂದ ಬಂದ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ತೆರೆದರು. ಮೊಟ್ಟೆ ಮುಟ್ಟದ ಮನೆತನದವರು ಇಂಗ್ಲಿಷರ ಒಲೆಯ ವಿದ್ಯೆ ಕಲಿತದ್ದರಿಂದ ಮೊಟ್ಟೆಯಿಲ್ಲದ ಬನ್ನು, ಕೇಕುಗಳ ಒಂದು ಪರಂಪರೆಯೇ ಬೆಳೆಯಿತು. ಬೆಂಗಳೂರಿಗೆ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ, ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಹೊಸೂರಿಗೆ ಆ ರುಚಿ ಹೊರಗಿನದಾಗಿ ಉಳಿಯಲಿಲ್ಲ.

ಬ್ರೆಡ್ಡೇ ಪರದೇಶದ್ದು, ಸ್ವಂತದ್ದು ಹೇಗಾದೀತು ಎಂದು ಕೇಳಬಹುದು. ಉತ್ತರ ಬ್ರೆಡ್ಡಿನಲ್ಲಿಲ್ಲ, ಅದರ ಮೇಲಿನ ಪಲ್ಯದಲ್ಲಿದೆ. ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಹಸಿಮೆಣಸಿನಕಾಯಿ, ಅರಿಶಿನ, ಕೊತ್ತಂಬರಿ ಸೊಪ್ಪು: ಇದು ನಮ್ಮ ಒಗ್ಗರಣೆ ಮನೆಯ ಸಾಮಾನು. ಕೈಚಳಕವಿರುವುದು ನೀರನ್ನು ಆಳುವುದರಲ್ಲಿ. ಉಪ್ಪು ಬಿದ್ದೊಡನೆ ತರಕಾರಿ ನೀರು ಬಿಡುತ್ತದೆ. ಅದು ಆರುವ ತನಕ ಬಾಡಿಸದಿದ್ದರೆ ಬ್ರೆಡ್ಡು ಮುದ್ದೆಯಾಗುತ್ತದೆ. ಅದಕ್ಕೇ ಮೊದಲು ಬೆಣ್ಣೆ ಸವರಿ ಎರಡೂ ಬದಿ ಗರಿಯಾಗಿಸುತ್ತಾರೆ. ಆ ಗರಿ, ಆ ಜಿಡ್ಡು ತೇವ ಒಳಗಿಳಿಯದಂತೆ ಸ್ವಲ್ಪ ಹೊತ್ತು ತಡೆಯುತ್ತವೆ. ಕಾಂಗ್ರೆಸ್ ಬನ್ನಿನದು ಇನ್ನೂ ಜಾಣ ದಾರಿ. ಬೆಣ್ಣೆ ಹಚ್ಚಿದ ಬನ್ನಿನೊಳಗೆ ಇಂಗು, ಕರಿಬೇವು, ಖಾರ ಹತ್ತಿದ ಕಡಲೆಬೀಜ ತುಂಬಿದರೆ ನೀರಿನ ಪ್ರಶ್ನೆಯೇ ಏಳದು.

ಒಂದೇ ಹೋಳಿನದು ಸ್ಯಾಂಡ್‌ವಿಚ್ ಹೇಗೆ ಎಂಬ ತಕರಾರು ನನಗೆ ಹಗುರವಾಗಿ ಕಾಣುತ್ತದೆ. ಡೆನ್ಮಾರ್ಕಿನವರು ತಲೆಮಾರುಗಳಿಂದ ಮುಚ್ಚಳವಿಲ್ಲದ್ದನ್ನೇ ತಿನ್ನುತ್ತಿದ್ದಾರೆ. ರಾಗಿಯ ನಾಡಿನಲ್ಲಿ ಮೈದಾ ಏಕೆ ಎಂಬುದು ಮಾತ್ರ ತೂಕದ ಪ್ರಶ್ನೆ. ಡೆಂಕಣಿಕೋಟೆ, ತಳಿ ಕಡೆಯ ಹೊಲದ ರಾಗಿ ಪೌಷ್ಟಿಕತೆಯಲ್ಲಿ ಮೈದಾಕ್ಕಿಂತ ಎಷ್ಟೋ ಮೇಲು, ಇದನ್ನು ಒಪ್ಪಲೇಬೇಕು. ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲ, ಯೀಸ್ಟಿನ ಗಾಳಿಯನ್ನು ಹಿಡಿದಿಟ್ಟು ಉಬ್ಬುವುದು ಅದಕ್ಕೆ ಆಗದು. ಅದರ ಗುಣಕ್ಕೆ ಹೊಂದುವುದು ಮುದ್ದೆ, ರೊಟ್ಟಿ. ಟೋಸ್ಟು ಊಟದ ಎಲೆಗೆ ಬಂದದ್ದೂ ಅಲ್ಲ. ಅದರ ಹೊತ್ತು ಸಂಜೆಯ ಕಾಫಿಯದು. ಮನೆಯಲ್ಲೂ ಅಷ್ಟೇ: ಬೆಳಿಗ್ಗೆ ದೋಸೆಗೆಂದು ಮಾಡಿ ಉಳಿದ ಆಲೂಗಡ್ಡೆ ಪಲ್ಯ ಸಂಜೆ ಎರಡು ಹೋಳಿನ ನಡುವೆ ಸೇರಿ ಕಾವಲಿಗೆ ಬೀಳುತ್ತದೆ. ಅದಕ್ಕೆ ಆ ದಿನದ ಮೆತ್ತನೆಯ ಬ್ರೆಡ್ಡಿಗಿಂತ ಹಿಂದಿನ ದಿನದ್ದೇ ಲೇಸು. ತುಸು ಬಿರುಸಾದ ಹೋಳು ಬೇಗ ಗರಿಯಾಗುತ್ತದೆ, ಪಲ್ಯದ ಭಾರಕ್ಕೆ ಬಾಗುವುದಿಲ್ಲ.