ಕಾಡಿನ ಕಳೆ, ಕೈಯ ಹೆಣಿಗೆ

ಕಾಡನ್ನೇ ನುಂಗುವ ಕಳೆಯಿಂದ ಕುರ್ಚಿ ಹೆಣೆಯಬಹುದೇ?

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೊರಟರೆ,
ರಸ್ತೆ ಬದಿಯ ಕಾಡಿನಲ್ಲಿ ಎದ್ದು ಕಾಣುವ ಪೊದೆ, ಲಂಟಾನ.
ಅಮೆರಿಕ ಖಂಡದ ಗಿಡ.
ಚೆಂದದ ಹೂವಿಗೆಂದು ಬ್ರಿಟಿಷರ ಕಾಲದಲ್ಲಿ ಬಂತು.
ಹುಲ್ಲಿಗೂ ಜಾಗ ಬಿಡದೆ ಹಬ್ಬಿತು.

ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ
ಬುಟ್ಟಿ ಹೆಣೆಯುವವರಿಗೆ ಬಿದಿರು ಸಿಗುವುದು ಕಷ್ಟವಾಯಿತು.
2004ರ ಸುಮಾರಿಗೆ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ
ಅಲ್ಲಿನ ಸೋಲಿಗ ಬುಡಕಟ್ಟಿನವರಿಗೆ ಲಂಟಾನ ಹೆಣಿಗೆಯ ತರಬೇತಿ ಶುರು ಮಾಡಿತು.

ಕಡ್ಡಿಯನ್ನು ಮೊದಲು ನೀರಿನಲ್ಲಿ ಕುದಿಸಬೇಕು.
ಆಗ ತೊಗಟೆ,
ಬೆಂದ ಗೆಣಸಿನ ಸಿಪ್ಪೆಯಂತೆ ಸುಲಿದು ಬರುತ್ತದೆ.
ಹಸಿ ಇರುವಾಗಲೇ ಬಗ್ಗಿಸಬೇಕು.
ಒಣಗಿದರೆ ಮುರಿಯುತ್ತದೆ.

ಬಿದಿರನ್ನು ನೇರವಾಗಿ ಸೀಳಬಹುದು.
ಲಂಟಾನ ಹಾಗಲ್ಲ.
ಒಂದೊಂದು ಕಡ್ಡಿಗೂ ಒಂದೊಂದು ಗಂಟು, ಒಂದೊಂದು ಓರೆ.
ಯಾವ ಓರೆ ಕುರ್ಚಿಯ ಕೈಗೆ?
ಯಾವುದು ಬುಟ್ಟಿಯ ಹಿಡಿಗೆ?
ತೀರ್ಮಾನ ಹೆಣೆಯುವವರದೇ.
ಹಾಗಾಗಿ ಒಬ್ಬರ ಬುಟ್ಟಿಯ ಹಾಗೆ ಇನ್ನೊಬ್ಬರದು ಇರುವುದಿಲ್ಲ.
ಈ ಕಸುಬಿನ ದೊಡ್ಡ ಸೊಗಸೇ ಅದು.

ಈಗ ನಿಜ ಗಾತ್ರದ ಆನೆಗಳೂ ಈ ಕಡ್ಡಿಗಳಲ್ಲಿ ಮೂಡುತ್ತಿವೆ.
ಸೊಂಡಿಲಿನ ತಿರುವು,
ಬೆನ್ನಿನ ಉಬ್ಬು,
ಕಿವಿಯ ಅಂಚು,
ಎಲ್ಲವೂ ಆನೆಗಳ ನಡುವೆಯೇ ಬೆಳೆದವರ ಕೈಕೆಲಸ.

ಕಚ್ಚಾವಸ್ತುವಿಗೆ ಬರವಿಲ್ಲ.
ಕಡಿದ ಬುಡದಿಂದ ಲಂಟಾನ ಮತ್ತೆ ಚಿಗುರುತ್ತದೆ.