ಮೀನಿನ ತೊಟ್ಟಿಗೆ ಎಷ್ಟು ಸುಣ್ಣ?

ಹಾಡು, ಹರಟೆ, ಊರ ಸುದ್ದಿಗಳ ನಡುವೆ ಈ ಸಲ ಸ್ವಲ್ಪ ನೀರಿನ ಮಾತು.

ಬಾಲ್ಕನಿಯಲ್ಲೋ ತಾರಸಿಯಲ್ಲೋ ಒಂದು ಮೀನಿನ ತೊಟ್ಟಿ. ಅದರ ಮೇಲೆ ಜಲ್ಲಿ ತುಂಬಿದ ಇನ್ನೊಂದು ತೊಟ್ಟಿ, ಅದರಲ್ಲಿ ಹರಿವೆ, ಪುದೀನ, ಟೊಮೆಟೊ, ಸಾಧ್ಯವಾದರೆ ಒಂದು ಬಸಳೆ ಬಳ್ಳಿ. ಸಣ್ಣದೊಂದು ಪಂಪು ಕೆಳಗಿನ ನೀರನ್ನು ಮೇಲಕ್ಕೆ ಹತ್ತಿಸುತ್ತದೆ, ಅದು ಜಲ್ಲಿಯಲ್ಲಿ ಸೋಸಿ ಮತ್ತೆ ಕೆಳಗಿಳಿಯುತ್ತದೆ. ಇದಕ್ಕೆ ಅಕ್ವಾಪೋನಿಕ್ಸ್ ಎಂದು ಹೆಸರು. ಮಣ್ಣಿಲ್ಲ, ಗೊಬ್ಬರದ ಚೀಲವಿಲ್ಲ. ದೆಹಲಿಯ ಮಂಡಿಯಲ್ಲಿ ಬಸಳೆ ಹುಡುಕಿ ಸುಸ್ತಾದವರಿಗೆ, ಮುಂಬೈ ಫ್ಲ್ಯಾಟಿನಲ್ಲಿ ಅಂಗಳ ನೆನೆಸಿಕೊಂಡು ನಿಟ್ಟುಸಿರು ಬಿಡುವವರಿಗೆ ಇದೊಂದು ಸಮಾಧಾನ.

ಆದರೆ ಮೂರು ನಾಲ್ಕು ತಿಂಗಳು ಚೆನ್ನಾಗಿ ನಡೆದ ತೊಟ್ಟಿ ಒಮ್ಮೆಲೇ ಮುನಿಸಿಕೊಳ್ಳುವುದುಂಟು. ಹೊಸ ಎಲೆಯ ತುದಿ ಸುಟ್ಟಂತೆ ಕಪ್ಪಾಗುತ್ತದೆ. ಟೊಮೆಟೊ ಕಾಯಿಯ ತಳ ಕೊಳೆಯುತ್ತದೆ. ಯಾರೋ "ಸುಣ್ಣ ಕಡಿಮೆಯಾಗಿದೆ, ಹಾಕಿ" ಎನ್ನುತ್ತಾರೆ. ಒಂದು ಹಿಡಿ ಸುಣ್ಣ ಬೀಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ" ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿಬಿಡುತ್ತದೆ. ಸಲಹೆ ಪೂರ್ತಿ ತಪ್ಪಲ್ಲ; ಅಳತೆ ಮತ್ತು ಬಗೆ ತಪ್ಪು. ಅದು ಹೇಗೆಂದು ನೋಡೋಣ.

ತೊಟ್ಟಿಯೊಳಗೆ ನಡೆಯುವುದೇನು?

ಮೀನು ತಿಂದದ್ದರಲ್ಲಿ ಒಂದು ಪಾಲು ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಜಲ್ಲಿಗೆ ಅಂಟಿಕೊಂಡಿರುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತವೆ. ಗಿಡಕ್ಕೆ ಆ ನೈಟ್ರೇಟೇ ಊಟ. ಈ ಅಡುಗೆಮನೆಯಲ್ಲಿ ಆಮ್ಲವೂ ಹುಟ್ಟುತ್ತದೆ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ಗಿಡ ನೈಟ್ರೇಟ್ ಹೀರುವಾಗ ಹೆಚ್ಚೆಂದರೆ ಅದರ ಅರ್ಧ ಮರಳಿ ಸಿಗುತ್ತದೆ. ಉಳಿದದ್ದು ದಿನದಿನವೂ ಕಳೆಯುವ ಲೆಕ್ಕ.

ಹೀಗಾಗಿ ನೀರಿನ ಪಿಎಚ್ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾಗಳು ಸೋಮಾರಿಯಾಗುತ್ತವೆ, 6ರ ಹತ್ತಿರ ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತವೆ. ಆಗ ಅಮೋನಿಯಾ ಹಾಗೇ ಉಳಿದು ಕೂಡಿಕೊಳ್ಳುತ್ತದೆ. ಗಿಡಕ್ಕೆ 6 ಹಿತ, ಮೀನಿಗೂ ಬ್ಯಾಕ್ಟೀರಿಯಾಕ್ಕೂ 7ರ ಮೇಲೆ ಹಿತ. ಮೂವರಿಗೂ ಒಪ್ಪುವ ರಾಜಿ 6.8ರಿಂದ 7ರವರೆಗೆ.

ಕ್ಯಾಲ್ಸಿಯಂ ಯಾಕೆ ಬೇಕು?

ಗಿಡದ ಜೀವಕೋಶಗಳ ಗೋಡೆಗೆ ಕ್ಯಾಲ್ಸಿಯಂ ಗಾರೆ ಇದ್ದಂತೆ. ಇದಕ್ಕೊಂದು ಹಟವಿದೆ: ಒಮ್ಮೆ ಒಂದು ಎಲೆಗೆ ಹೋಗಿ ಕುಳಿತರೆ ಅಲ್ಲಿಂದ ಏಳುವುದಿಲ್ಲ. ಹಳೆಯ ಎಲೆಯಿಂದ ಹೊಸ ಎಲೆಗೆ ಸಾಲ ಸಿಗದು. ಆದ್ದರಿಂದ ಕೊರತೆ ಕಾಣುವುದು ಚಿಗುರಿನಲ್ಲಿ ಮತ್ತು ಕಾಯಿಯಲ್ಲಿ. ಮೀನಿಗೂ ಇದು ಬೇಕು. ಮೀನು ಕಿವಿರಿನ ಮೂಲಕವೇ ನೀರಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ತೊಟ್ಟಿಯಲ್ಲಿ ಬಸವನಹುಳುಗಳಿದ್ದು ಅವುಗಳ ಚಿಪ್ಪು ಸವೆದು ಬಿಳಿಚಿಕೊಂಡಿದ್ದರೆ, ನೀರು ಮೆದುವಾಗಿ ಹುಳಿಯಾಗಿದೆ ಎಂದು ಅರ್ಥ ಮಾಡಿಕೊಳ್ಳಬಹುದು.

ಮೀನಿನ ಆಹಾರ ಗಿಡಕ್ಕೆ ಬೇಕಾದ ಬಹುತೇಕ ಪೋಷಕಾಂಶ ಕೊಡುತ್ತದೆ. ಸಾಮಾನ್ಯವಾಗಿ ಕಡಿಮೆ ಬೀಳುವುದು ಮೂರು: ಕ್ಯಾಲ್ಸಿಯಂ, ಪೊಟ್ಯಾಸಿಯಂ, ಕಬ್ಬಿಣ. ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿ ಮತ್ತು ಸಂಗಡಿಗರು ವರ್ಷಗಟ್ಟಲೆ ನಡೆಸಿದ ದೊಡ್ಡ ತೊಟ್ಟಿಗಳಲ್ಲಿ ಪಿಎಚ್ ಇಳಿದಾಗ ಒಮ್ಮೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಮತ್ತೊಮ್ಮೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕುತ್ತಿದ್ದರು. ಪಿಎಚ್ ಸರಿಹೋಗುವುದರ ಜೊತೆಗೆ ಎರಡು ಕೊರತೆಯೂ ತುಂಬುತ್ತಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ. ಮನೆಯ ತೊಟ್ಟಿಗೂ ಇದೇ ತತ್ವ.

ಗಡಸುತನ ಎರಡು ಬಗೆ

ಇಲ್ಲಿ ಬಹಳ ಜನ ಎಡವುತ್ತಾರೆ. ಮೀನಿನ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್ಟಿನಲ್ಲಿ ಜಿಎಚ್, ಕೆಎಚ್ ಎಂಬ ಎರಡು ಬಾಟಲಿಗಳಿರುತ್ತವೆ. ಜಿಎಚ್ ಎಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಒಟ್ಟು. ಕೆಎಚ್ ಎಂದರೆ ಆಮ್ಲವನ್ನು ತಡೆದುಕೊಳ್ಳುವ ಕ್ಷಾರದ ಉಳಿತಾಯ, ಬ್ಯಾಂಕಿನ ಠೇವಣಿಯ ಹಾಗೆ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ಸಣ್ಣ ಅಕ್ವಾಪೋನಿಕ್ಸ್ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ಹೊರತಂದ ಕೈಪಿಡಿ ಎರಡೂ ಬಗೆಯ ಗಡಸುತನ ಲೀಟರಿಗೆ 60ರಿಂದ 140 ಮಿಲಿಗ್ರಾಂ ಇದ್ದರೆ ಒಳ್ಳೆಯದು ಎನ್ನುತ್ತದೆ. ಅಂದರೆ ಸುಮಾರು 3ರಿಂದ 8 ಡಿಗ್ರಿ.

ಒಂದು ಹೆಚ್ಚಿದ್ದು ಇನ್ನೊಂದು ಕಡಿಮೆ ಇರಬಹುದು. ಮನೆಗೆ ಮೆದುಗೊಳಿಸುವ ಯಂತ್ರ ಹಾಕಿಸಿದವರ ನೀರಿನಲ್ಲಿ ಕೆಎಚ್ ಇರುತ್ತದೆ, ಆದರೆ ಕ್ಯಾಲ್ಸಿಯಂ ಜಾಗದಲ್ಲಿ ಸೋಡಿಯಂ ಬಂದು ಕುಳಿತಿರುತ್ತದೆ. ಅದು ಗಿಡಕ್ಕೆ ಒಳ್ಳೆಯದಲ್ಲ. ಇನ್ನು ಆರ್‌ಒ ಮಾರುವವರು ಕೊಟ್ಟು ಹೋಗುವ ಟಿಡಿಎಸ್ ಮೀಟರ್ ಕರಗಿದ ಲವಣಗಳೆಲ್ಲವನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಅದರಲ್ಲಿ ಉಪ್ಪೆಷ್ಟು, ಸುಣ್ಣವೆಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ನಂಬಿ ಸುಣ್ಣ ಹಾಕಬೇಡಿ.

ನಿಮ್ಮ ಊರಿನ ನೀರು ಎಂಥದು?

ಮುಂಬೈಗೆ ಬರುವುದು ಭಾತ್ಸಾ, ವೈತರಣಾ, ತಾನಸಾ ಮುಂತಾದ ಜಲಾಶಯಗಳ ಮಳೆನೀರು. ಅದು ಮೆದು. ಪುಣೆಯಲ್ಲಿ ಖಡಕ್ವಾಸ್ಲಾ ಕಡೆಯಿಂದ ಬರುವ ನೀರೂ ಹೆಚ್ಚು ಗಡಸಲ್ಲ. ಇಂಥ ಕಡೆ ಪಿಎಚ್ ಬೇಗ ಕುಸಿಯುತ್ತದೆ. ಮಳೆಗಾಲದಲ್ಲಿ ತೆರೆದ ತೊಟ್ಟಿಗೆ ಮಳೆ ಬಿದ್ದರೆ ಇನ್ನೂ ಬೇಗ. ಚೆನ್ನೈನವರು ಈ ಎಚ್ಚರವನ್ನು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ವಹಿಸಬೇಕು.

ಚೆನ್ನೈ, ಹೈದರಾಬಾದ್, ದೆಹಲಿಯ ಅನೇಕ ಬೋರ್‌ವೆಲ್‌ಗಳ ಕಥೆ ಇದಕ್ಕೆ ತದ್ವಿರುದ್ಧ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ನಿಗದಿ ಮಾಡಿದ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲವೆಂದರೆ 600ರವರೆಗೆ ಸಹಿಸಬಹುದು. ಕುಡಿಯಲು ನಡೆಯುವ ಇಂಥ ನೀರು ತೊಟ್ಟಿಗೆ ಅತಿಯಾಗಬಹುದು. ಪಿಎಚ್ 8ರಲ್ಲೇ ಕೂತುಬಿಡುತ್ತದೆ, ಕಬ್ಬಿಣ ಗಿಡಕ್ಕೆ ಸಿಗದೆ ತಳಕ್ಕಿಳಿಯುತ್ತದೆ, ಚಿಗುರು ಹಳದಿಯಾಗಿ ನರಗಳು ಮಾತ್ರ ಹಸಿರು ಉಳಿಯುತ್ತವೆ. ಇಲ್ಲಿ ಸುಣ್ಣ ಹಾಕುವುದು ಉರಿಯುವ ಬೆಂಕಿಗೆ ತುಪ್ಪ. ಬೇಕಾಗಿರುವುದು ಬೆರಕೆ. 300 ಮಿಲಿಗ್ರಾಂ ಗಡಸಿನ ಬೋರ್‌ವೆಲ್ ನೀರು ಒಂದು ಪಾಲು, ಮಳೆನೀರು ಅಥವಾ ಆರ್‌ಒ ನೀರು ಎರಡು ಪಾಲು ಸೇರಿಸಿದರೆ 100ರ ಆಸುಪಾಸಿಗೆ ಬರುತ್ತದೆ. ಬರೀ ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ, ಕ್ಷಾರ ಎರಡೂ ಹೆಚ್ಚುಕಡಿಮೆ ಇರುವುದಿಲ್ಲ. ಆರ್‌ಒ ಹೊರಹಾಕುವ ನೀರಂತೂ ಬೇಡವೇ ಬೇಡ. ಲವಣವೆಲ್ಲ ಅದರಲ್ಲೇ ಕೂಡಿರುತ್ತದೆ.

ಜಲ್ಲಿಯನ್ನೂ ಪರೀಕ್ಷಿಸಿ. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಗುಳ್ಳೆ ಬಂದರೆ ಅದರಲ್ಲಿ ಸುಣ್ಣವಿದೆ. ಅಮೃತಶಿಲೆಯ ಚೂರು ನೋಡಲು ಚೆಂದ, ಆದರೆ ತೊಟ್ಟಿ ತುಂಬಾ ಅದನ್ನೇ ಸುರಿದರೆ ಪಿಎಚ್ ಕೆಳಗಿಳಿಯುವುದೇ ಇಲ್ಲ.

ಯಾವ ಸುಣ್ಣ, ಎಷ್ಟು?

ಮೊದಲನೆಯದು ಮೊಟ್ಟೆ ಸಿಪ್ಪೆ, ಕಪ್ಪೆಚಿಪ್ಪು, ಸುಣ್ಣಕಲ್ಲು. ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಇವುಗಳ ದೊಡ್ಡ ಗುಣವೆಂದರೆ ನೀರು ಹುಳಿಯಾದಷ್ಟೂ ಕರಗುತ್ತವೆ, ಪಿಎಚ್ ಏರಿದಂತೆ ತಾವೇ ನಿಲ್ಲುತ್ತವೆ. ತೊಟ್ಟಿಯ ಆಮ್ಲವೇ ಸಿಪ್ಪೆಯನ್ನು ಕರಗಿಸಿ ಗಿಡಕ್ಕೆ ಕ್ಯಾಲ್ಸಿಯಂ ಬಡಿಸುತ್ತದೆ.

ಒಂದು ಲೆಕ್ಕ ಹಾಕೋಣ. 500 ಲೀಟರ್ ತೊಟ್ಟಿ, ದಿನಕ್ಕೆ 30 ಗ್ರಾಂ ಆಹಾರ, ಅದರಲ್ಲಿ ಶೇಕಡಾ 32 ಪ್ರೊಟೀನ್. ಇದರಿಂದ ದಿನಕ್ಕೆ ಸುಮಾರು 0.9 ಗ್ರಾಂ ಅಮೋನಿಯಾ ಸಾರಜನಕ ಬರುತ್ತದೆ. ಅದಕ್ಕೆ ಖರ್ಚಾಗುವ ಕ್ಷಾರ ಸುಮಾರು 6 ಗ್ರಾಂ ಸುಣ್ಣಕಲ್ಲಿನಷ್ಟು. ಗಿಡ ಅರ್ಧ ಮರಳಿಸಿದರೆ 3 ಗ್ರಾಂ. ತಿಂಗಳಿಗೆ 95ರಿಂದ 190 ಗ್ರಾಂ. ಒಂದು ಮೊಟ್ಟೆಯ ಒಣ ಸಿಪ್ಪೆ ಸುಮಾರು 5 ಗ್ರಾಂ. ಅಂದರೆ ತಿಂಗಳಿಗೆ 20ರಿಂದ 40 ಮೊಟ್ಟೆಯ ಸಿಪ್ಪೆ! ಕುದಿಸಿ, ಒಳಪೊರೆ ತೆಗೆದು, ಒಣಗಿಸಿ, ಪುಡಿ ಮಾಡಿ ಬಟ್ಟೆ ಚೀಲದಲ್ಲಿ ಕಟ್ಟಿ ನೀರು ಬೀಳುವ ಜಾಗದಲ್ಲಿ ತೂಗುಹಾಕಿ. ಮೊಟ್ಟೆ ಮನೆಗೆ ತರದವರು ಸುಣ್ಣಕಲ್ಲಿನ ಚೂರು ಬಳಸಬಹುದು.

ಎರಡನೆಯದು ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಮ್ಮ ಹಿರಿಯರ ಎಲೆಯಡಿಕೆ ತಟ್ಟೆಯ ಸುಣ್ಣವೂ ಇದೇ ಜಾತಿ. ಇದು ಚುರುಕು, ಆದ್ದರಿಂದ ಅಪಾಯಕಾರಿ. ಪಿಎಚ್ 6.5ರ ಹತ್ತಿರ ಬಂದಾಗ ಮಾತ್ರ ಬಳಸಿ, ಅದೂ ತಿಳಿನೀರಿನ ರೂಪದಲ್ಲಿ. ಒಂದು ಲೀಟರ್ ನೀರಿಗೆ ಒಂದು ಚಮಚ ಸುಣ್ಣ ಕದಡಿ ರಾತ್ರಿಯಿಡೀ ಬಿಡಿ. ಮೇಲೆ ನಿಂತ ತಿಳಿಯಲ್ಲಿ ಲೀಟರಿಗೆ ಒಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು ಮಾತ್ರ ಕರಗಿರುತ್ತದೆ, ಎಷ್ಟೇ ಸುಣ್ಣ ಹಾಕಿದರೂ ಅದಕ್ಕಿಂತ ಹೆಚ್ಚು ಹಿಡಿಯದು. 500 ಲೀಟರ್ ತೊಟ್ಟಿಗೆ ಅರ್ಧ ಲೀಟರ್ ತಿಳಿಯನ್ನು ಒಂದು ಗಂಟೆಯ ಕಾಲ ಹನಿಹನಿಯಾಗಿ ಬಿಡಿ. ಪಿಎಚ್ ನೋಡಿ. ದಿನಕ್ಕೆ 0.2ಕ್ಕಿಂತ ಹೆಚ್ಚು ಏರಿಸಬೇಡಿ. ಕೈಗವಸು ಇರಲಿ, ಕಣ್ಣು ಜೋಪಾನ, ಮಕ್ಕಳು ದೂರ. ನೀಲಿ, ಅಂಟು ಬೆರೆಸಿದ ಗೋಡೆ ಸುಣ್ಣ ಮತ್ತು ಪರಿಮಳ ಬೆರೆತ ಪಾನ್ ಸುಣ್ಣ ಬೇಡ. ಸುಡುಸುಣ್ಣವಂತೂ ನೀರು ತಾಕಿದೊಡನೆ ಕುದಿಯುತ್ತದೆ. ಅದರ ಸಹವಾಸವೇ ಬೇಡ.

ಮೂರನೆಯದು ಜಿಪ್ಸಂ. ಪಿಎಚ್, ಕೆಎಚ್ ಎರಡೂ ಸರಿಯಿದ್ದು ಕ್ಯಾಲ್ಸಿಯಂ ಮಾತ್ರ ಕಡಿಮೆಯಿದ್ದಾಗ ಇದು ಮದ್ದು. ಇದು ಪಿಎಚ್ ಮುಟ್ಟುವುದಿಲ್ಲ. 500 ಲೀಟರಿನಲ್ಲಿ ಕ್ಯಾಲ್ಸಿಯಂ ಅನ್ನು ಲೀಟರಿಗೆ 20 ಮಿಲಿಗ್ರಾಂ ಏರಿಸಲು ಸುಮಾರು 43 ಗ್ರಾಂ ಶುದ್ಧ ಜಿಪ್ಸಂ ಸಾಕು. ಅದನ್ನೂ ಮೂರು ನಾಲ್ಕು ದಿನಕ್ಕೆ ಹಂಚಿ.

ಅಡುಗೆ ಸೋಡಾ ಪಿಎಚ್ ಏರಿಸುತ್ತದೆ ನಿಜ, ಆದರೆ ಸೋಡಿಯಂ ನೀರಿನಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಅದರ ಬದಲು ಪೊಟ್ಯಾಸಿಯಂ ಬೈಕಾರ್ಬೊನೇಟ್ ಒಳ್ಳೆಯದು. ಹಾಗೆಯೇ ಕ್ಯಾಲ್ಸಿಯಂ ಅತಿಯಾದರೆ ಗಿಡ ಪೊಟ್ಯಾಸಿಯಂ, ಮೆಗ್ನೀಸಿಯಂ ಹೀರಲಾರದು. ಅತಿಯಾದರೆ ಅಮೃತವೂ ವಿಷ.

ಒಂದು ಹಿಡಿ ಸುಣ್ಣ ಮೀನನ್ನು ಕೊಲ್ಲುವುದು ಹೇಗೆ?

ಪಿಎಚ್ ಇಳಿದ ತೊಟ್ಟಿಯಲ್ಲಿ ಅಮೋನಿಯಾ ಕೂಡಿರುತ್ತದೆ ಎಂದೆನಲ್ಲ. ಪಿಎಚ್ 7ರಲ್ಲಿ, 25 ಡಿಗ್ರಿ ಬಿಸಿಯಲ್ಲಿ ಅದರ ಶೇಕಡಾ ಒಂದಕ್ಕಿಂತ ಕಡಿಮೆ ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ. ಉಳಿದದ್ದು ಅಮೋನಿಯಂ, ಅಷ್ಟು ಹಾನಿಯಿಲ್ಲ. ಪಿಎಚ್ 8ಕ್ಕೆ ಏರಿದರೆ ವಿಷದ ಪಾಲು ಶೇಕಡಾ 5, 9ಕ್ಕೆ ಹೋದರೆ ಶೇಕಡಾ 35 ದಾಟುತ್ತದೆ. ನೀರು ಅದೇ, ಅಮೋನಿಯಾ ಅಷ್ಟೇ. ಸುಣ್ಣ ಬಿದ್ದ ಗಳಿಗೆಯಲ್ಲಿ ಅದು ವಿಷವಾಗಿ ತಿರುಗಿತು. ಆದ್ದರಿಂದ ಪಿಎಚ್ ಕುಸಿದಿದ್ದರೆ ಮೊದಲು ಅಮೋನಿಯಾ ಅಳೆಯಿರಿ. ಹೆಚ್ಚಿದ್ದರೆ ಎರಡು ದಿನ ಮೀನಿಗೆ ಉಪವಾಸ, ಸ್ವಲ್ಪ ಸ್ವಲ್ಪವಾಗಿ ನೀರು ಬದಲಾವಣೆ, ಆಮೇಲೆ ಸಿಪ್ಪೆಯ ಚೀಲ. ನಲ್ಲಿ ನೀರು ಹಾಕುವ ಮುನ್ನ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಿ.

ಸುಣ್ಣ ಸಾಕಷ್ಟಿದ್ದರೂ ಎಲೆ ಸುಟ್ಟರೆ?

ಮುಂಬೈ, ಚೆನ್ನೈಯವರು ಇದನ್ನು ಗಮನಿಸಬೇಕು. ಕ್ಯಾಲ್ಸಿಯಂ ಗಿಡದೊಳಗೆ ಹತ್ತುವುದು ಬೇರಿನಿಂದ ಎಲೆಗೆ ಹರಿಯುವ ನೀರಿನ ಜೊತೆಗೆ. ಗಾಳಿಯಲ್ಲೇ ತೇವ ತುಂಬಿದ್ದರೆ ಎಲೆ ಬೆವರುವುದಿಲ್ಲ, ನೀರು ಮೇಲೇರುವುದಿಲ್ಲ, ಕ್ಯಾಲ್ಸಿಯಂ ಕೆಳಗೇ ಉಳಿಯುತ್ತದೆ. ಗಿಡಗಳನ್ನು ಒತ್ತೊತ್ತಾಗಿ ನೆಡಬೇಡಿ, ಗಾಳಿಯಾಡಲಿ, ಮುಚ್ಚಿದ ಬಾಲ್ಕನಿಯಾದರೆ ಸಣ್ಣ ಫ್ಯಾನ್ ಇಡಿ. ಕೆಲವೊಮ್ಮೆ ಸುಣ್ಣದ ಕೊರತೆಗೆ ಗಾಳಿಯೇ ಔಷಧ.

ವಾರದ ಕೆಲಸ

ಪಿಎಚ್ ಎರಡು ದಿನಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ. ಕೆಎಚ್ ಮತ್ತು ಅಮೋನಿಯಾ ವಾರಕ್ಕೊಮ್ಮೆ. ಜಿಎಚ್ ತಿಂಗಳಿಗೊಮ್ಮೆ. ಅಳೆದದ್ದನ್ನು ಹಾಲಿನವನ ಲೆಕ್ಕದ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಪಿಎಚ್ ಇನ್ನೂ 7 ಇದ್ದು ಕೆಎಚ್ 2 ಡಿಗ್ರಿಗೆ ಇಳಿದಿದ್ದರೆ, ಕುಸಿತ ಹತ್ತಿರ ಬಂದಿದೆ ಎಂದು ತಿಳಿಯಿರಿ. ಆಗಲೇ ಸಿಪ್ಪೆಯ ಚೀಲಕ್ಕೆ ಇನ್ನಷ್ಟು ಸೇರಿಸಿದರೆ ತುರ್ತು ಮದ್ದಿನ ಅಗತ್ಯವೇ ಬೀಳದು. ಏನೇ ಹಾಕಿದರೂ ಒಮ್ಮೆಗೆ ಒಂದೇ ವಸ್ತು, ಕಾಲುಭಾಗದಿಂದ ಶುರು, ಮರುದಿನ ಮತ್ತೆ ಅಳತೆ. ಮೀನಿಗೆ ಕೂಗಿ ಹೇಳಲು ಬಾಯಿಲ್ಲ. ಅದರ ಪರವಾಗಿ ಮಾತಾಡುವುದು ಈ ಅಂಕಿಗಳು ಮಾತ್ರ.

ನಿಮ್ಮ ಮನೆಯ ಬಸಳೆ ಬಳ್ಳಿ ಸೊಂಪಾಗಿ ಹಬ್ಬಲಿ, ಮೀನುಗಳು ಸುಖವಾಗಿರಲಿ.