ಅಂಗೈ ಮೇಲಿನ ಗೂಡ್ಸ್ ಗಾಡಿ

ಬಳ್ಳಾರಿ, ಹೊಸಪೇಟೆ ಕಡೆಯ ಲೆವೆಲ್ ಕ್ರಾಸಿಂಗ್‌ನಲ್ಲಿ ಗೇಟು ಬಿತ್ತೆಂದರೆ ಬೈಕಿನವರು ಎಂಜಿನ್ ಆರಿಸಿ ಫೋನು ಕೈಗೆತ್ತಿಕೊಳ್ಳುತ್ತಾರೆ. ಬರುತ್ತಿರುವುದು ಗೂಡ್ಸ್ ಎಂದು ಗೊತ್ತಾದರಂತೂ ಯಾರೂ ತಲೆ ಎತ್ತುವುದಿಲ್ಲ. ಮುಂದಿನ ಎಂಜಿನ್‌ಗಳು ದಾಟಿದವು, ಇನ್ನು ಉಳಿದದ್ದು ಒಂದೇ ಥರದ ವ್ಯಾಗನ್‌ಗಳ ಸಾಲು, ಅದರಲ್ಲಿ ನೋಡುವುದೇನಿದೆ? ಆದರೆ ಅದೇ ಗೇಟಿನ ಬಳಿ ನಿಂತು ವ್ಯಾಗನ್‌ಗಳನ್ನೇ ನೋಡುವವರೂ ಇದ್ದಾರೆ. ಅವರ ಕಣ್ಣಿಗೆ ಆ ಸಾಲಿನಲ್ಲಿ ಒಂದರಂತೆ ಇನ್ನೊಂದು ಇಲ್ಲ. ಒಂದರ ಬಾಗಿಲ ಚಿಲಕ ಮುರಿದು, ತಂತಿ ಸುತ್ತಿದ್ದಾರೆ. ಇನ್ನೊಂದರ ಪಕ್ಕದ ತಗಡು ಹೊಟ್ಟೆ ಬಂದಂತೆ ಉಬ್ಬಿದೆ. ಮತ್ತೊಂದು ಈಗಷ್ಟೇ ವರ್ಕ್‌ಶಾಪಿನಿಂದ ಬಂದು ಕೆಮ್ಮಣ್ಣಿನ ಬಣ್ಣದಲ್ಲಿ ಹೊಳೆಯುತ್ತಿದೆ. ಅವರು ಇದನ್ನೆಲ್ಲ ಫೋಟೊ ತೆಗೆದುಕೊಂಡು ಹೋಗಿ, ಅಂಗೈ ಮೇಲೆ ಕೂರುವ ವ್ಯಾಗನ್ನಿನಲ್ಲಿ ಮತ್ತೆ ಮೂಡಿಸುತ್ತಾರೆ.

ಇದು ಮಾದರಿ ರೈಲಿನ ಹವ್ಯಾಸ. ಆಟಿಕೆ ರೈಲಿನಿಂದ ಇದನ್ನು ಬೇರೆ ಮಾಡುವುದು ಅಳತೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರ ಲೈಪ್‌ಜಿಗ್ ಮೇಳಕ್ಕೆ ನಿಗದಿತ ಅಗಲದ ಹಳಿಗಳ ಮೇಲೆ ಓಡುವ ಆಟದ ರೈಲನ್ನು ತಂದಿತು. ಈ ವರ್ಷ ಒಂದು ಎಂಜಿನ್, ಬರುವ ವರ್ಷ ಎರಡು ಬೋಗಿ, ಆಮೇಲೆ ನಾಲ್ಕು ಹಳಿ ಎಂದು ಕೂಡಿಸುತ್ತ ಹೋಗುವ ದಾರಿ ಅಲ್ಲಿಂದ ತೆರೆಯಿತು. ಮೆಕ್ಯಾನೊ ಖ್ಯಾತಿಯ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಲಿವರ್‌ಪೂಲಿನಿಂದ ತಮ್ಮ ರೈಲುಗಳನ್ನು ಮಾರುಕಟ್ಟೆಗೆ ಬಿಟ್ಟರು. ಇವತ್ತು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಅದಕ್ಕಿಂತ ಚಿಕ್ಕದು 160ರಲ್ಲಿ ಒಂದು ಪಾಲಿನ ಎನ್ ಅಳತೆ. ಬೆಂಗಳೂರಿನವರಿಗೆ ಲೇಔಟ್ ಎಂದರೆ ಸೈಟು ಹಂಚಿದ ಬಡಾವಣೆ. ಈ ಹವ್ಯಾಸಿಗಳಿಗೆ ಲೇಔಟ್ ಎಂದರೆ ಹಲಗೆಯ ಮೇಲೆ ಕಟ್ಟಿದ ಊರು, ಗುಡ್ಡ, ಸ್ಟೇಷನ್ನು, ನಡುವೆ ಹಾದುಹೋಗುವ ಹಳಿ.

ಈ ಊರನ್ನು ಎಷ್ಟು ದೊಡ್ಡದಾಗಿಯೂ ಕಟ್ಟಬಹುದು. ಹ್ಯಾಂಬರ್ಗಿನಲ್ಲಿ ಬ್ರೌನ್ ಸಹೋದರರು 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಹಳೆಯ ಗೋದಾಮೊಂದರ ಅಂತಸ್ತುಗಳನ್ನೇ ತುಂಬಿದೆ. ನಮಗೆ ಹತ್ತಿರದಲ್ಲಿ ಪುಣೆಯ ಕೊತ್ರೂಡಿನಲ್ಲಿ 1998ರಿಂದ ಜೋಶಿಯವರ ಚಿಕಣಿ ರೈಲ್ವೆ ಮ್ಯೂಸಿಯಂ ಇದೆ. ಆದರೆ ಈ ಹವ್ಯಾಸದ ಹೆಚ್ಚಿನ ಕೆಲಸ ನಡೆಯುವುದು ಮನೆಯ ಒಂದು ಮೂಲೆಯಲ್ಲಿ. ಅಲ್ಲಿ ಮೊದಲ ಜಗಳ ಜಾಗದ ಜೊತೆ.

ಲೆಕ್ಕ ಹಾಕಿ ನೋಡಬಹುದು. ಕಲ್ಲಿದ್ದಲು, ಅದಿರು ಸಾಗಿಸುವ ನಮ್ಮ ತೆರೆದ ವ್ಯಾಗನ್ನಿಗೆ ರೈಲ್ವೆಯವರು ಬಾಕ್ಸ್‌ಎನ್ ಎನ್ನುತ್ತಾರೆ. ಕಪ್ಲಿಂಗಿನಿಂದ ಕಪ್ಲಿಂಗಿಗೆ ಅದರ ಉದ್ದ 10.713 ಮೀಟರ್, ಎಚ್‌ಒ ಅಳತೆಯಲ್ಲಿ 12.3 ಸೆಂಟಿಮೀಟರ್. ಅಂಗೈ ಮೇಲೆ ಚೆನ್ನಾಗಿ ಕೂರುತ್ತದೆ. ಆದರೆ ಪೂರ್ತಿ ರೇಕಿಗೆ, ಅಂದರೆ ಒಂದು ಗಾಡಿಯ ಇಡೀ ಸಾಲಿಗೆ, ಇಂಥ 58 ವ್ಯಾಗನ್ ಬೇಕು. ಎರಡು ಎಂಜಿನ್, ಹಿಂದೊಂದು ಬ್ರೇಕ್ ವ್ಯಾನ್ ಸೇರಿದರೆ ಉದ್ದ ಏಳೂವರೆ ಮೀಟರ್ ಮೀರುತ್ತದೆ. ಅದು ನಿಲ್ಲುವ ಲೂಪ್ ಹಳಿಗೇ ಇಡೀ ಹಾಲ್ ಸಾಲದು. ತಿರುವಿನ ಕಷ್ಟ ಇನ್ನೂ ದೊಡ್ಡದು. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಅದನ್ನು ಯಥಾವತ್ ಇಳಿಸಿದರೆ ಎರಡು ಮೀಟರ್, ಅಂದರೆ ಒಂದು ಅರ್ಧ ಸುತ್ತಿಗೆ ನಾಲ್ಕು ಮೀಟರ್ ಅಗಲದ ಕೋಣೆ. ಅಂಗಡಿಯಲ್ಲಿ ಸಿಗುವ ಸಿದ್ಧ ಹಳಿಯ ತಿರುವು ಅರ್ಧ ಮೀಟರಿನ ಆಸುಪಾಸಿನದು. ಹಾಗಾಗಿ ರೇಕನ್ನು ಹನ್ನೆರಡು ವ್ಯಾಗನ್ನಿಗೆ ಇಳಿಸುತ್ತಾರೆ, ಬಿಗಿಯಾದ ತಿರುವನ್ನು ಗುಡ್ಡದ ಒಳಗೋ ಮರಗಳ ಹಿಂದೆಯೋ ಮರೆಮಾಡುತ್ತಾರೆ. ನೋಡುವವರಿಗೆ ರೈಲಿನ ಒಂದು ತುದಿ ಸುರಂಗದೊಳಗೆ, ಇನ್ನೊಂದು ಸೇತುವೆಯಾಚೆ ಇದ್ದರೆ ಹನ್ನೆರಡೇ ಐವತ್ತೆಂಟಾಗಿ ಕಾಣುತ್ತದೆ.

ಭಾರತದ ರೈಲನ್ನು ಮಾಡಹೊರಟವರಿಗೆ ಇನ್ನೊಂದು ತೊಡಕಿದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಚ್‌ಒನಲ್ಲಿ ಅದು 19.3 ಮಿಲಿಮೀಟರ್ ಆಗಬೇಕು. ಮಾರುಕಟ್ಟೆಯ ಎಚ್‌ಒ ಹಳಿ ಯುರೋಪು, ಅಮೆರಿಕದ ಅಳತೆಗೆ ಮಾಡಿದ್ದು, 16.5 ಮಿಲಿಮೀಟರ್. ಹೆಚ್ಚಿನವರು ಮೂರು ಮಿಲಿಮೀಟರಿನ ಈ ಕೊರತೆಯನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ. ಮೀಟರ್‌ಗೇಜ್ ಆರಿಸಿಕೊಂಡವರು ಇಲ್ಲಿ ಅದೃಷ್ಟವಂತರು. ಸ್ವಿಟ್ಜರ್ಲೆಂಡಿನ ಬೆಟ್ಟದ ಅನೇಕ ರೈಲುಗಳೂ ಮೀಟರ್‌ಗೇಜಿನವೇ ಆದ್ದರಿಂದ, ಆ ಮಾದರಿಗಳಿಗೆಂದೇ 12 ಮಿಲಿಮೀಟರಿನ ಹಳಿ ಸಿದ್ಧವಾಗಿ ಸಿಗುತ್ತದೆ. ಅರಸೀಕೆರೆಯ ಹಳೆಯ ಮೀಟರ್‌ಗೇಜ್ ಯಾರ್ಡನ್ನು ಆಲ್ಪ್ಸ್ ಪರ್ವತದ ಹಳಿಯ ಮೇಲೆ ನಿಲ್ಲಿಸಬಹುದು.

ಹಲಗೆಯ ಕೆಲಸ ಬಡಗಿಯದು. ಪ್ಲೈವುಡ್ ಬಾಗದಂತೆ ಕೆಳಗೆ ಪಟ್ಟಿ ಹೊಡೆದು, ಮೇಲೆ ಗಟ್ಟಿ ಫೋಮ್ ಅಂಟಿಸಿ, ಅದನ್ನೇ ಕೆತ್ತಿ ಕಣಿವೆ ಮಾಡುತ್ತಾರೆ. ಏರಿನಲ್ಲಿ ಮಾತ್ರ ಅಸಲಿಗೂ ಮಾದರಿಗೂ ಒಂದೇ ನಿಯಮ. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ದೂಧ್‌ಸಾಗರದ ಪಕ್ಕದಲ್ಲಿ ಗೋವಾದ ಕುಳೆಂಗೆ ಇಳಿಯುವ ಘಾಟಿಯಲ್ಲಿ ಏರು 37ಕ್ಕೆ 1. ಅಲ್ಲಿ ಗೂಡ್ಸ್ ಗಾಡಿಗೆ ಹಿಂದಿನಿಂದ ತಳ್ಳುವ ಎಂಜಿನ್ ಬೇಕೇ ಬೇಕು. ಮಾದರಿಯಲ್ಲೂ ಅದೇ ಏರು ಹಾಕಿದರೆ, ಒಂದು ಹಳಿಯ ಮೇಲೆ ಇನ್ನೊಂದನ್ನು ದಾಟಿಸಲು ಬೇಕಾದ 8 ಸೆಂಟಿಮೀಟರ್ ಎತ್ತರ ಏರಲು ಹೆಚ್ಚುಕಡಿಮೆ ಮೂರು ಮೀಟರ್ ಹಳಿ ಓಡಬೇಕು. ಅಲ್ಲೂ ಒಂದೇ ಎಂಜಿನ್ನಿಗೆ ಜಾಸ್ತಿ ವ್ಯಾಗನ್ ಕಟ್ಟಿದರೆ ಚಕ್ರ ನಿಂತಲ್ಲೇ ಜಾರುತ್ತದೆ.

ಜಲ್ಲಿ ಹಾಕುವುದು ತಾಳ್ಮೆಯ ಕೆಲಸ. ಅಸಲಿ ಹಳಿಯ ಕೆಳಗಿನ 50 ಮಿಲಿಮೀಟರಿನ ಕಲ್ಲು ಈ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ, ಚಿರೋಟಿ ರವೆಯ ಹಾಗೆ. ಅದನ್ನು ಒಣದಾಗಿಯೇ ಸುರಿದು, ಸ್ಲೀಪರ್ ಮೇಲೆ ಕೂತ ಕಾಳನ್ನು ಸಣ್ಣ ಬ್ರಷ್ಷಿನಿಂದ ಕೆಳಗೆ ಸರಿಸಬೇಕು. ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ, ನೀರಾಗಿಸಿದ ಫೆವಿಕಾಲನ್ನು ಡ್ರಾಪರಿನಲ್ಲಿ ಹನಿಹನಿಯಾಗಿ ಬಿಡುತ್ತಾರೆ. ಸೋಪಿನ ಹನಿ ಇಲ್ಲದಿದ್ದರೆ ಅಂಟು ಒಳಗಿಳಿಯದೆ ಜಲ್ಲಿಯ ಮೇಲೇ ಗುಂಡಗೆ ನಿಲ್ಲುತ್ತದೆ, ತಾಗಿದ ಕಾಳುಗಳನ್ನೂ ಎಬ್ಬಿಸಿಕೊಂಡು ಉರುಳುತ್ತದೆ.

ಇಷ್ಟೆಲ್ಲ ಕಟ್ಟಿದ ಮೇಲೆ ಅದರ ಮೇಲೆ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ, ಹೊಳಪಿನ ಪ್ಲಾಸ್ಟಿಕ್ ವ್ಯಾಗನ್ ಇಟ್ಟರೆ ಗುಡ್ಡ, ಊರು, ಸ್ಟೇಷನ್ನು ಎಲ್ಲವೂ ಒಮ್ಮೆಗೇ ಆಟಿಕೆಯಾಗಿಬಿಡುತ್ತದೆ. ಇದನ್ನು ಜಗತ್ತಿಗೆ ಮನಗಾಣಿಸಿದವರು ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿದ್ದ ಜಾನ್ ಅಲೆನ್. ವೃತ್ತಿಯಿಂದ ಫೋಟೊಗ್ರಾಫರ್. ನೆಲದಿಂದ ಸೂರಿನವರೆಗೆ ಏರಿದ ಬೆಟ್ಟಗಳ ನಡುವೆ ತಾವೇ ಕಲ್ಪಿಸಿಕೊಂಡ ಗೋರಿ ಅಂಡ್ ಡಿಫೀಟೆಡ್ ಎಂಬ ರೈಲು ಕಂಪನಿಯನ್ನು ಅವರು ಮನೆಯೊಳಗೆ ಕಟ್ಟಿದರು. ಹವ್ಯಾಸಿಗಳು ತಮ್ಮ ವ್ಯಾಗನ್‌ಗಳನ್ನು ಒರೆಸಿ ಫಳಫಳ ಎನ್ನುವಂತೆ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಅವರು ವ್ಯಾಗನ್ನಿಗೆ ತುಕ್ಕು, ಮಸಿ, ಧೂಳು ಬಳಿದರು. ಅವರ ಕ್ಯಾಮೆರಾ ಮಾದರಿಯ ಹಳಿಯ ಮಟ್ಟಕ್ಕೆ ಇಳಿದು ತೆಗೆದ ಚಿತ್ರಗಳು ಒಂದು ತಲೆಮಾರಿಗೆ ಪಾಠವಾದವು. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ಲೇಔಟ್ ಸುಟ್ಟುಹೋಯಿತು. ಈಗ ಉಳಿದಿರುವುದು ಮುಖ್ಯವಾಗಿ ಆ ಚಿತ್ರಗಳು, ಮತ್ತು ಅವು ಕಲಿಸಿದ ಕಣ್ಣು.

ವ್ಯಾಗನ್ನಿನ ಕೆಲಸ ತೂಕದಿಂದ ಶುರುವಾಗುತ್ತದೆ. ತೀರ ಹಗುರವಾದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ, ಭಾರವಾದರೆ ಎಂಜಿನ್ ಸೋಲುತ್ತದೆ. 1935ರಲ್ಲಿ ಹುಟ್ಟಿದ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎಚ್‌ಒ ವ್ಯಾಗನ್ನಿಗೆ ಒಂದು ಸೂತ್ರ ಕೊಟ್ಟಿದೆ: ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಬಾಕ್ಸ್‌ಎನ್‌ಗೆ ಅದು ಸುಮಾರು 95 ಗ್ರಾಂ ಆಗುತ್ತದೆ. ಅಸಲಿ ಬಾಕ್ಸ್‌ಎನ್ ಖಾಲಿ ಇದ್ದಾಗ 22.47 ಟನ್, ತುಂಬಿದಾಗ 81.28 ಟನ್. ಉದ್ದ, ಅಗಲ, ಎತ್ತರ ಮೂರನ್ನೂ 87ರಿಂದ ಭಾಗಿಸಿ ಲೆಕ್ಕ ಹಾಕಿದರೆ ಖಾಲಿಯದು 34 ಗ್ರಾಂ, ತುಂಬಿದ್ದು 123 ಗ್ರಾಂ. ಸಂಘದ ಸೂತ್ರ ಸರಿಯಾಗಿ ಇವೆರಡರ ನಡುವೆ ಬಂದು ನಿಲ್ಲುತ್ತದೆ.

ಒಳಗೆ ಏನು ತುಂಬಬೇಕು ಎನ್ನುವಲ್ಲಿ ಅನೇಕರು ಎಡವುತ್ತಾರೆ. ಬಾಕ್ಸ್‌ಎನ್ ಒಳಗೆ ಸುಮಾರು 56 ಘನ ಮೀಟರ್ ಜಾಗವಿದೆ. ಕಲ್ಲಿದ್ದಲಾದರೆ ಅಂಚಿನ ಮೇಲೂ ಗೋಪುರದಂತೆ ಎದ್ದಿರುತ್ತದೆ. ಸಂಡೂರು ಕಡೆಯ ಕಬ್ಬಿಣದ ಅದಿರು ಹಾಗಲ್ಲ. ಕಲ್ಲಿದ್ದಲಿಗಿಂತ ಎಷ್ಟೋ ಪಟ್ಟು ಭಾರವಾದ್ದರಿಂದ, ವ್ಯಾಗನ್ ಅರ್ಧ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಅದಿರು ತಳದಲ್ಲೇ ಗುಡ್ಡೆಗಳಾಗಿ ಕೂತಿರುತ್ತದೆ, ಮೇಲ್ಭಾಗದ ಒಳಗೋಡೆ ಬರಿದಾಗಿ ಕೆಂಪು ಧೂಳು ಹಿಡಿದಿರುತ್ತದೆ. ಅಂಚಿನವರೆಗೆ ಅದಿರು ತುಂಬಿದ ಮಾದರಿ ಎಷ್ಟೇ ಅಂದವಾಗಿದ್ದರೂ ಬಳ್ಳಾರಿಯವರ ಕಣ್ಣಿಗೆ ಕೂಡಲೇ ತಪ್ಪಾಗಿ ಕಾಣುತ್ತದೆ.

ಇನ್ನು ಬಣ್ಣ. ತುಕ್ಕು ಹಿಡಿಸುವುದಕ್ಕೆ ಹಲವು ದಾರಿಗಳಿದ್ದರೂ ಮನೆಯಲ್ಲೇ ಮಾಡಬಹುದಾದ ಒಂದು ತಂತ್ರ ಹೇರ್‌ಸ್ಪ್ರೇಯದು. ಮೊದಲು ಇಡೀ ವ್ಯಾಗನ್ನಿಗೆ ತುಕ್ಕಿನ ಕಂದು ಬಣ್ಣ ಹೊಡೆದು ಪೂರ್ತಿ ಒಣಗಿಸುತ್ತಾರೆ. ಅದರ ಮೇಲೆ ತೆಳುವಾಗಿ ಎರಡು ಬಾರಿ ಹೇರ್‌ಸ್ಪ್ರೇ. ಅದೂ ಒಣಗಿದ ಮೇಲೆ ವ್ಯಾಗನ್ನಿನ ಕೆಮ್ಮಣ್ಣು ಬಣ್ಣ, ಅದು ಅಕ್ರಿಲಿಕ್ಕೇ ಆಗಿರಬೇಕು. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿದ ಕೂಡಲೇ, ಬಿಗಿ ಕೂದಲಿನ ಬ್ರಷ್ಷನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ತಗಡು ಸವೆಯುವ ಜಾಗಗಳಲ್ಲಿ ಮಾತ್ರ ಉಜ್ಜಬೇಕು: ಬಾಗಿಲ ಅಂಚು, ಪಕ್ಕದ ಕಂಬಗಳ ಬುಡ, ಮೇಲಿನ ಅಂಚು. ನೀರು ಸೋಕಿ ಒಳಗಿನ ಹೇರ್‌ಸ್ಪ್ರೇ ಕರಗುತ್ತದೆ, ಮೇಲಿನ ಬಣ್ಣ ಚಕ್ಕೆಯಾಗಿ ಏಳುತ್ತದೆ, ಕೆಳಗಿನ ತುಕ್ಕು ಇಣುಕುತ್ತದೆ. ಕುಂಚದಿಂದ ಚಿತ್ರಿಸಿದ ತುಕ್ಕಿಗೆ ಈ ಹರಕು ಅಂಚು ಬರುವುದಿಲ್ಲ. ಕೊನೆಗೆ ಹೊಳಪಿಲ್ಲದ ವಾರ್ನಿಷ್ ಒಂದು ಪದರ, ಅದರ ಮೇಲೆ ಬೆರಳಿನಿಂದ ಸವರಿದ ಬಣ್ಣದ ಪುಡಿಯ ಧೂಳು.

ಧೂಳಿಗೂ ಒಂದು ಕಥೆ ಇರಬೇಕು. ಸಿಮೆಂಟ್ ಸಾಗಿಸುವ ಮುಚ್ಚಿದ ಬಿಸಿಎನ್ ವ್ಯಾಗನ್ನಿಗೆ ಬಾಗಿಲ ಸುತ್ತ ಬೂದಿ ಬಣ್ಣ ಹಿಡಿಯುತ್ತದೆ. ಎಣ್ಣೆಯ ಟ್ಯಾಂಕರಿಗೆ ಮೇಲಿನ ಮುಚ್ಚಳದಿಂದ ಕೆಳಕ್ಕೆ ಕಪ್ಪು ಗೆರೆ ಇಳಿದಿರುತ್ತದೆ. ಪಕ್ಕದಲ್ಲಿ ಬರೆದ ಹನ್ನೊಂದು ಅಂಕಿಯ ಸಂಖ್ಯೆಯೂ ಸುಮ್ಮನೆ ಬರೆದದ್ದಲ್ಲ. ಮೊದಲೆರಡು ಅಂಕಿ ವ್ಯಾಗನ್ನಿನ ಜಾತಿ, ನಂತರದ ಎರಡು ಯಾವ ರೈಲ್ವೆಗೆ ಸೇರಿದ್ದು, ಆಮೇಲಿನ ಎರಡು ತಯಾರಾದ ವರ್ಷ, ಮುಂದಿನ ನಾಲ್ಕು ಕ್ರಮಸಂಖ್ಯೆ, ಕೊನೆಯದು ತಪ್ಪು ಹಿಡಿಯುವ ತಾಳೆ ಅಂಕಿ. ಬಲ್ಲವರು ತಯಾರಾದ ವರ್ಷ ನೋಡಿಯೇ ಎಷ್ಟು ತುಕ್ಕು ಹಿಡಿಸಬೇಕೆಂದು ತೀರ್ಮಾನಿಸುತ್ತಾರೆ. ಚಕ್ರದ ಮುಖಕ್ಕೆ ಮಂಕು ಕಂದು, ಹಳಿಗೆ ತಾಗುವ ಅಂಚಿಗೆ ಮಾತ್ರ ಬರಿ ಲೋಹದ ಹೊಳಪು. ಓಡುವ ಗಾಡಿಯ ಚಕ್ರ ಇರುವುದೇ ಹಾಗೆ.

ವ್ಯಾಗನ್ ಚೆನ್ನಾಗಿ ಕಂಡರೆ ಸಾಲದು, ಅದಕ್ಕೊಂದು ಕೆಲಸವೂ ಬೇಕು. ಅಮೆರಿಕದ ಹವ್ಯಾಸಿಗಳು ಪ್ರತಿ ವ್ಯಾಗನ್ನಿಗೆ ಒಂದು ಕಾರ್ಡ್ ಮಾಡಿ, ಎಲ್ಲಿಂದ ಎಲ್ಲಿಗೆ, ಯಾವ ಸರಕು ಎಂಬ ಚೀಟಿಯನ್ನು ಅದರಲ್ಲಿ ಸಿಕ್ಕಿಸುತ್ತಾರೆ. ಚೀಟಿ ಹೇಳಿದ ಸೈಡಿಂಗಿಗೆ ವ್ಯಾಗನ್ ತಲುಪಿಸುವುದೇ ಆಟ. ಇದಕ್ಕೆ ದೊಡ್ಡ ಕೋಣೆ ಬೇಡ ಎಂದು ತೋರಿಸಿದವರು ಇಂಗ್ಲೆಂಡಿನ ಅಲನ್ ರೈಟ್. ಅವರ ಇಂಗಲ್‌ನುಕ್ ಸೈಡಿಂಗ್ಸ್ ಎಂಬ ಲೇಔಟಿನಲ್ಲಿ ವ್ಯಾಗನ್ ನಿಲ್ಲಿಸಲು ಇರುವುದು ಮೂರೇ ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಹೋಗುವ ತುಂಡು ಹಳಿಯಲ್ಲಿ ಎಂಜಿನ್ ಜೊತೆ ಮೂರಕ್ಕಷ್ಟೇ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಅದರಲ್ಲಿ ಬಂದ ಐದನ್ನು ಬಂದ ಕ್ರಮದಲ್ಲೇ ಜೋಡಿಸಬೇಕು. ಅಂಥ ಕ್ರಮಗಳು 6720. ಎರಡು ಮೀಟರ್ ಉದ್ದದ ಹಲಗೆ ಇದಕ್ಕೆ ಧಾರಾಳ. ಪುಸ್ತಕದ ಕಪಾಟಿನ ಮೇಲೂ ಕೂರುತ್ತದೆ.

ಈ ಆಟಕ್ಕೆ ಇಂದಿನ ಬಾಕ್ಸ್‌ಎನ್ ರೇಕಿಗಿಂತ ಹಿಂದಿನ ಕಾಲವೇ ಹೆಚ್ಚು ಒಗ್ಗುತ್ತದೆ. 1980ರ ದಶಕದಿಂದ ಭಾರತೀಯ ರೈಲ್ವೆ ಬಿಡಿ ವ್ಯಾಗನ್ ಸಾಗಣೆಯನ್ನು ಕಡಿಮೆ ಮಾಡುತ್ತ, ಪೂರ್ತಿ ರೇಕನ್ನೇ ಓಡಿಸುವ ಪದ್ಧತಿಗೆ ಹೊರಳಿತು. ಅದಕ್ಕೂ ಮೊದಲು ಸಣ್ಣ ಸ್ಟೇಷನ್ನಿನಲ್ಲೂ ಉಗಿ ಎಂಜಿನ್ ಒಂದೆರಡು ವ್ಯಾಗನ್ ಬಿಡಿಸಿ ಗೂಡ್ಸ್ ಶೆಡ್ಡಿಗೆ ತಳ್ಳಿ, ತುಂಬಿದ್ದನ್ನು ಎಳೆದುಕೊಂಡು ಹೋಗುತ್ತಿತ್ತು. ಎರಡು ಆಕ್ಸಲಿನ ಗಿಡ್ಡ ವ್ಯಾಗನ್, ಮೀಟರ್‌ಗೇಜ್ ಹಳಿ, ಹೆಂಚಿನ ಸ್ಟೇಷನ್ನು ಇದ್ದರೆ ಹಲಗೆಯ ಉದ್ದವೂ ಉಳಿಯುತ್ತದೆ, ಎಂಜಿನ್ನಿಗೆ ಇಡೀ ಸಂಜೆಯ ಕೆಲಸವೂ ಸಿಗುತ್ತದೆ.

ಅಂಥ ಹಲಗೆಯ ಮುಂದೆ ಕೂತವರು ಮೂರನೆಯ ಚೀಟಿ ಎತ್ತಿದಾಗ ಬಾಗಿಲಿಗೆ ತಂತಿ ಸುತ್ತಿದ ವ್ಯಾಗನ್ ಬಂತು ಎಂದಿಟ್ಟುಕೊಳ್ಳಿ. ಅದು ಒಳಗಿನ ಸೈಡಿಂಗಿನ ಕೊನೆಯಲ್ಲಿದೆ, ಮುಂದೆ ಬೇಡದ ಎರಡು ನಿಂತಿವೆ. ಮೂರನ್ನೂ ಎಳೆದು, ಪಾಯಿಂಟ್ ಬದಲಿಸಿ, ಬೇಕಾದ್ದನ್ನು ಒಂದು ಕಡೆ ಬಿಟ್ಟು, ಉಳಿದೆರಡನ್ನು ಮತ್ತೆ ಒಳಗೆ ತಳ್ಳಬೇಕು. ಎಂಜಿನ್ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಕಪ್ಲರ್ ಕಚ್ಚಿದ ಸಣ್ಣ ಟಕ್ ಸದ್ದಿಗೆ ಮೂರು ವ್ಯಾಗನ್ನೂ ಒಂದರ ಹಿಂದೊಂದು ಕದಲುತ್ತವೆ.